ಮಿಲ್ಸಿಯಾದೆಸನ ಬೆರಳಿಗೆ ಕೊಟ್ಟ ಸಮಯ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಮಿಲ್ಸಿಯಾದೆಸ್ ಫೆಲಿಸ್ ಒಂದು ಡಾಮಿನೊ ಬಿಲ್ಲೆಯನ್ನು ಮೇಜಿನ ಮೇಲೆ ಇಡುತ್ತಿದ್ದ. ಎಂಟು ಸೆಕೆಂಡು ಕಳೆದರೂ ಇಡುತ್ತಲೇ ಇದ್ದ. ನಮ್ಮ ಕಡಲತೀರದ ಊರು ಬರಾಹೋನಾದಲ್ಲಿ ಬಿಲ್ಲೆಯನ್ನು ಯಾರೂ ಇಡುವುದಿಲ್ಲ, ಬಡಿಯುತ್ತಾರೆ. ಮೂರು ಮನೆಯಾಚೆಗೆ ಕೇಳಬೇಕು. ಅವನದು ಸದ್ದಿಲ್ಲದೆ ಮಲಗಿತು.

"ಏನಪ್ಪಾ, ಕೂಸು ಮಲಗಿಸ್ತಿದ್ದೀಯಾ?" ಎಂದಳು ಎದುರಾಳಿ ನೆರೇಯ್ದಾ. ಕಿರಾಣಿ ಅಂಗಡಿ ಅವಳದು, ಅದರ ಮುಂದಿನ ಮೇಜೂ ಅವಳದು.

ಆ ಸುತ್ತಿನ ಕೊನೆಗೆ ಎಲ್ಲರೂ ಬಿಲ್ಲೆ ಮಗುಚಿದಾಗ ಅವಳು ಎದ್ದು ನಿಂತಳು. "ನೋಡ್ರಿ! ಆಗ ಹೊಂದೋದು ಇವನ ಕೈಲಿ ಒಂದೇ ಇತ್ತು. ಮತ್ಯಾಕೆ ಅಷ್ಟು ಹೊತ್ತು?"

ಆಟದಲ್ಲಿ ಜೊತೆಗಾರರು ಪರಸ್ಪರ ಮಾತಾಡುವಂತಿಲ್ಲ. ಆದರೆ ಹೊಂದುವ ಬಿಲ್ಲೆ ಒಂದೇ ಇದ್ದರೆ ತಕ್ಷಣ ಬಡಿಯಬೇಕು. ಎರಡಿದ್ದವನು ಮಾತ್ರ ಯೋಚಿಸಬಹುದು. ಹಾಗಾಗಿ ತಡ ಮಾಡಿದರೆ 'ನನ್ನ ಹತ್ತಿರ ಇನ್ನೊಂದಿದೆ' ಎಂದು ಜೊತೆಗಾರನಿಗೆ ಹೇಳಿದಂತೆ. ಇಲ್ಲದ ಬಿಲ್ಲೆಗೆ ತಡ ಮಾಡುವುದು ಸುಳ್ಳು. ಸುಳ್ಳು ಹೇಳಿದವನು ಕುರ್ಚಿ ಬಿಡಬೇಕು.

ಮಿಲ್ಸಿಯಾದೆಸ್ ಇಪ್ಪತ್ತಾರು ವರ್ಷ ರಾದಾಮೆಸನ ಎದುರು ಜೊತೆಗಾರನಾಗಿ ಕೂತವನು, ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಆದರೆ ೨೦೧೪ರ ಜುಲೈಯಲ್ಲಿ ಅವನಿಗೆ ಚಿಕುನ್‌ಗುನ್ಯಾ ಬಂತು. ಐದು ದಿನ ಜ್ವರ. ಆಗಸ್ಟಿನಲ್ಲಿ ಡಾಕ್ಟರು ಚೀಟಿಯ ಮೇಲೆ 'ಗುಣಮುಖ' ಎಂದು ಬರೆದರು. ಬೆರಳುಗಳಿಗೆ ಆ ಚೀಟಿ ಓದಲು ಬರಲಿಲ್ಲ. ಬೆಸುಗೆಯ ಉಪಕರಣ ಹಿಡಿಯಲಾಗದೆ ಸಕ್ಕರೆ ಕಾರ್ಖಾನೆಯ ಕೆಲಸ ಹೋಯಿತು. ಉಳಿದದ್ದು ಈ ಕುರ್ಚಿಯೊಂದೇ.

"ಜ್ವರದ್ದು, ನೆರೇಯ್ದಾ," ಎಂದ ಅವನು.

"ಗುಣ ಆಗಿದೆ ಅಂತ ಡಾಕ್ಟ್ರೇ ಬರ್ದಿದಾರೆ. ಅವ್ರಿಗಿಂತ ನಿನ್ನ ಬೆರಳಿಗೆ ಜಾಸ್ತಿ ಗೊತ್ತಾ?"

ರಾದಾಮೆಸ್ ಕೋಪದಿಂದ ಎದ್ದ. ಅವನಿಗೂ ಅದೇ ಜ್ವರ ಬಂದು ಹೋಗಿತ್ತು. ಅದು ಬಿಟ್ಟುಹೋದ ಮಂಡಿನೋವಿನಿಂದಾಗಿ ಅವನು ಏಳುವುದು ಮೂರು ಕಂತಿನಲ್ಲಿ. ಮೂರನೆಯ ಕಂತು ಮುಗಿಯುವ ಹೊತ್ತಿಗೆ ಕೋಪ ಇಳಿದಿತ್ತು. "ಕೊಂಪಾಯ್, ನೀವು ಕೂತ್ಕೊಳ್ಳಿ," ಎಂದ. ಮಿಲ್ಸಿಯಾದೆಸನ ಮಗಳ ದೀಕ್ಷಾಸ್ನಾನಕ್ಕೆ ಅವನು ಧರ್ಮಪಿತನಾಗಿ ನಿಂತ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಂಪಾಯ್' ಎಂದು ಕರೆದು, 'ನೀವು' ಎನ್ನುತ್ತಿದ್ದರು.

ಪಕ್ಕದಲ್ಲಿ ನಿಂತು ಆಟ ನೋಡುತ್ತಿದ್ದ ನಾನು ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ, ನನ್ನ ಬಳಿ ಸ್ಟಾಪ್‌ವಾಚ್ ಇತ್ತು. ನೋವಿಗೆ ಬೇಕಾದ ಸಮಯ ಅಳೆದು, ಅದನ್ನು ಕಳೆದು, ಉಳಿದದ್ದನ್ನು ಮಾತ್ರ ಯೋಚನೆ ಎಂದು ಹಿಡಿಯೋಣ ಎಂದೆ. ಎಲ್ಲರಿಗೂ ಇದು ನ್ಯಾಯವಾಗಿ ಕಂಡಿತು. ಇಪ್ಪತ್ತು ದಿನ, ದಿನಕ್ಕೆ ಹತ್ತು ಸಲ, ಅವನು ಒಂದೇ ಬಿಲ್ಲೆ ಎತ್ತಿಟ್ಟ. ನೆರೇಯ್ದಾ ಪಕ್ಕದಲ್ಲೇ ನಿಂತು ಕಾಯುತ್ತಿದ್ದಳು.

"ಯೋಚನೆ ಮಾಡ್ದೆ ಎತ್ತು!"

"ಯೋಚನೆ ಮಾಡ್ಬಾರ್ದು ಅಂತಾನೇ ಯೋಚನೆ ಮಾಡ್ತಿದೀನಿ ಕಣಮ್ಮಾ."

"ಹಂಗಾದ್ರೆ ಅದನ್ನೂ ಕಳೀರಿ!"

ಕಳೆಯುವ ವಿಧಾನ ನನಗೆ ತಿಳಿಯಲಿಲ್ಲ. ಮೋಡದ ದಿನ ಒಂಬತ್ತು ಸೆಕೆಂಡು, ಬಿಸಿಲಿದ್ದರೆ ನಾಲ್ಕು, ಬಿಸಿ ಅಕ್ಕಿ ತುಂಬಿದ ಕಾಲುಚೀಲದಲ್ಲಿ ಕೈಯಿಟ್ಟುಕೊಂಡು ಬಂದರೆ ಮೂರು. ಸರಾಸರಿ ಆರು ಸೆಕೆಂಡು. ನೆರೇಯ್ದಾ ಅದನ್ನು ದಪ್ಪಕ್ಷರದಲ್ಲಿ ಬರೆದು ಒಣಮೀನಿನ ಬೆಲೆಯ ಕೆಳಗೆ ಅಂಟಿಸಿದಳು. 'ಮಿಲ್ಸಿಯಾದೆಸ್: ಆರು.' ಹೊಸ ಗಿರಾಕಿಗಳು ಅದೇನು, ಎಲ್ಲಿದೆ ಎಂದು ಕೇಳುತ್ತಿದ್ದರು.

ನವೆಂಬರಿನ ಎರಡನೇ ಭಾನುವಾರ ಅವನು ಹನ್ನೊಂದು ಸೆಕೆಂಡು ತೆಗೆದುಕೊಂಡ. ಇನ್ನೊಂದಿದೆ ಎಂದು ನಂಬಿ ರಾದಾಮೆಸ್ ಆಡಿದ, ಸೋತ. ಬಿಲ್ಲೆ ಮಗುಚಿದರೆ, ಆಗಲೂ ಹೊಂದುತ್ತಿದ್ದದ್ದು ಒಂದೇ.

"ಹನ್ನೊಂದ್ರಲ್ಲಿ ಆರು ಹೋದ್ರೆ ಐದು," ಎಂದಳು ನೆರೇಯ್ದಾ. "ಐದು ಸೆಕೆಂಡಿನ ಸುಳ್ಳು. ಏಳು ಕುರ್ಚಿಯಿಂದ."

ರಾದಾಮೆಸ್ ಮೇಜು ನೋಡುತ್ತಿದ್ದ. "ಇವತ್ತು ನೋವು ಜಾಸ್ತಿ ಇತ್ತು ಅನ್ನಿ, ಕೊಂಪಾಯ್. ಅಷ್ಟಂದ್ರೆ ಸಾಕು."

"ಇಲ್ಲ," ಎಂದ ಮಿಲ್ಸಿಯಾದೆಸ್. "ಇವತ್ತು ನೋವಿಗೆ ಎರಡೇ ಸಾಕಿತ್ತು."

"ಮಿಕ್ಕಿದ್ದು?"

"ನೋವು ಬರುತ್ತೆ ಅಂತ ಕಾಯ್ತಿದ್ದೆ. ಬರ್ಲಿಲ್ಲ. ಬರ್ದಿದ್ರೆ ಏನ್ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಅವನು ಕುರ್ಚಿಯ ಕೈಗಳನ್ನು ಹಿಡಿದು ಏಳತೊಡಗಿದ. ಆಗ ನೆರೇಯ್ದಾಳ ಗಂಡ ತೂಲಿಯೋ ಮಾತಾಡಿದ. ಅವನು ಅವಳ ಜೊತೆಗಾರ. ಜೊತೆಗಾರರು ಮಾತಾಡಬಾರದೆಂಬ ನಿಯಮವನ್ನು ಸಂಸಾರದಲ್ಲೂ ಪಾಲಿಸುವವನು.

"ಸುಳ್ಳ ಆಗಿದ್ರೆ ಹನ್ನೊಂದೂ ನೋವೇ ಅಂತಿದ್ದ, ಕಣೇ."

ನೆರೇಯ್ದಾ ಗಂಡನನ್ನು ನೋಡಿದಳು, ಆಮೇಲೆ ಗೋಡೆಯನ್ನು. ಹೋಗಿ ಚೀಟಿ ಕಿತ್ತಳು. ಜೊತೆಗೆ ಒಣಮೀನಿನ ಬೆಲೆಯೂ ಹರಿದು ಬಂತು. "ಕೂತ್ಕೋ. ಇನ್ಮೇಲೆ ಅಳೆಯೋದಿಲ್ಲ. ಬಂದ ತಕ್ಷಣ ಇವತ್ತೆಷ್ಟು ಅಂತ ನೀನೇ ಹೇಳು, ನಾವು ನಂಬ್ತೀವಿ."

ಅಂದಿನಿಂದ ಅವನು ಕುರ್ಚಿಯಲ್ಲಿ ಕೂತು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ, ಆ ದಿನದ ಅಂಕಿ ಹೇಳುತ್ತಿದ್ದ. ಏಳು. ಐದು. ಚಂಡಮಾರುತದ ಮರುದಿನ ಹದಿನಾಲ್ಕು. ಅಂದು ಆಟ ಕತ್ತಲಾದರೂ ಮುಗಿಯಲಿಲ್ಲ, ಯಾರೂ ಗೊಣಗಲಿಲ್ಲ. ಎರಡೂವರೆ ವರ್ಷದ ಮೇಲೆ ಒಂದು ಬೆಳಿಗ್ಗೆ ಅವನು ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಸೊನ್ನೆ ಎನ್ನುತ್ತಾನೆಂದು ನಾವು ನಾಲ್ವರೂ ಉಸಿರು ಹಿಡಿದೆವು. ಅವನು ಹೆಬ್ಬೆರಳನ್ನು ಇನ್ನೊಮ್ಮೆ ಪರೀಕ್ಷಿಸಿ ಹೇಳಿದ:

"ಅರ್ಧ."