ಪೈಬರ್ ಮೈ

ಹಾರನಹಳ್ಳಿಯ ನನ್ನ ತವರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ನಾನು ಹೆಣ್ಣಿನ ಮುಖವನ್ನೂ ನೋಡದೆ, ತಿಂಡಿಯ ಕಡೆಗೂ ಹೋಗದೆ ಮೊದಲು ಹುಡುಕಿದ್ದು ಒಂದು ಫೈಬರ್ ಚೇರನ್ನು. ಚಪ್ಪರದ ಕೆಳಗೆ ಕೆಂಪು ಚೇರುಗಳನ್ನು ಸಾಲಾಗಿ ಹಾಕಿದ್ದರು. ಒಂದನ್ನು ಎಳೆದುಕೊಂಡು ಕೂತೆ. ಅದು ಕಿರ್ ಅನ್ನಲಿಲ್ಲ. ಎರಡೂ ಕಾಲು ಮೇಲೆತ್ತಿದೆ, ಆಗಲೂ ಅನ್ನಲಿಲ್ಲ. ಖುಷಿ ತಡೆಯಲಾರದೆ ಕೂತಲ್ಲೇ ಕುಪ್ಪಳಿಸಿಬಿಟ್ಟೆ. ಪಕ್ಕದಲ್ಲಿದ್ದ ನಮ್ಮ ಅತ್ತೆ, ಅಂದರೆ ನಮ್ಮ ಯಜಮಾನರ ತಾಯಿ, "ಏನೇ ಇದು, ಜನ ನೋಡ್ತಾವ್ರೆ, ಸುಮ್ಕೆ ಕುಂತ್ಕೊ" ಎಂದು ತೊಡೆ ಚಿವುಟಿದರು.

ಜನ ನೋಡಲಿ ಎಂದೇ ನಾನು ಕುಪ್ಪಳಿಸಿದ್ದು. ಕೆಲವು ವರ್ಷಗಳ ಹಿಂದೆ ಅದೇ ಅಂಗಳದಲ್ಲಿ, ಒಂದು ನಾಮಕರಣದ ದಿನ, ನನ್ನ ಕೆಳಗಿನ ಚೇರಿನ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗಿದ್ದವು. ನಗಬಾರದೆಂದು ಸೆರಗನ್ನು ಬಾಯಿಗಿಟ್ಟುಕೊಂಡವರ ಭುಜ ಕುಲುಕಾಡುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲಿಂದ ನಾನು ಯಾರ ಮನೆಯ ಬಾಗಿಲಿಗೆ ಹೋದರೂ ಒಳಗಿನಿಂದ "ಆ ಬೆಂಚ್ ತನ್ರಲಾ" ಎಂಬ ಕೂಗು ಬರುತ್ತಿತ್ತು. ಬಂದವಳಿಗೆ ನೀರು ಕೊಡುವ ಮೊದಲು ಬೆಂಚು. ಆ ಮರದ ಬೆಂಚುಗಳ ಮೇಲೆ ನನಗಿದ್ದಷ್ಟು ಸಿಟ್ಟು ಯಾವ ಮನುಷ್ಯರ ಮೇಲೂ ಇರಲಿಲ್ಲ.

ಚಿಕ್ಕಪ್ಪನ ಮಗಳ ಮದುವೆಗೆ ಮುಂಚಿನ ಮಾತು, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಕ್ಕರೆ ಕಾಯಿಲೆ ಶುರುವಾಗಿತ್ತು, ಮಂಡಿ ಕೈಕೊಟ್ಟಿತ್ತು. ಹಟ ಹಿಡಿದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್. "ದೇವ್ರು ಕೊಟ್ಟಿರೋ ಒಟ್ಟೆ ಕುಯ್ಸ್ಕಂಡು ಸಣ್ಣ ಆಗೋದು ಯಾವೂರ್ ನ್ಯಾಯ?" ಎಂದು ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು. ಮಾತು ಬಿಟ್ಟರೂ ಗಂಜಿ ಮಾತ್ರ ಹೊತ್ತಿಗೆ ಸರಿಯಾಗಿ ಮಾಡಿಕೊಟ್ಟರು. ಆಮೇಲೆ ಮುದ್ದೆ ತಿನ್ನುವ ಕಾಲ ಬಂತು. ನಮ್ಮ ಕಡೆ ಮುದ್ದೆಯನ್ನು ನುಂಗುತ್ತಾರೆ, ಅಗಿಯುವವರನ್ನು ಕಂಡರೆ ನಗುತ್ತಾರೆ. ಡಾಕ್ಟರು ನನಗೆ ಏನನ್ನೇ ಆಗಲಿ ಅಗಿದು ನುಣ್ಣಗೆ ಮಾಡಿಯೇ ಇಳಿಸಬೇಕು ಎಂದಿದ್ದರು. ನಿಂಬೆಹಣ್ಣಿನಷ್ಟು ಮುದ್ದೆಯನ್ನು ನಾನು ಎಮ್ಮೆಯ ಹಾಗೆ ಅಗಿಯುತ್ತ ಕೂತರೆ ಅತ್ತೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

ಆದರೆ ಮೈ ಇಳಿಯಿತು. ಅಬ್ಬಾ, ಹೇಗೆ ಇಳಿಯಿತು! ಬಳೆ ಮೊಣಕೈವರೆಗೆ ಜಾರಿತು. ಕೆ.ಆರ್. ನಗರದ ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಇನ್ನಿಬ್ಬರು ಕೂತರು. ಚುಂಚನಕಟ್ಟೆ ಹತ್ತಿರದ ನಮ್ಮ ಗದ್ದೆಯ ಬದುವಿನ ಮೇಲೆ ನಡೆದರೆ ಬದು ಕುಸಿಯಲಿಲ್ಲ. ನಾನು ಬೇಕೆಂದೇ ಹಿಂದಕ್ಕೂ ಮುಂದಕ್ಕೂ ನಡೆದೆ. ನಮ್ಮ ಯಜಮಾನರು ಪಂಪ್‌ಸೆಟ್ ಹತ್ತಿರ ನಿಂತು, "ಸಾಕು ಬಾರೇ, ಬದು ಸವ್ದೋದಾತು" ಎಂದು ನಕ್ಕರು.

ನೋವು ಬಂದದ್ದು ಆ ಮದುವೆ ಮುಗಿದ ಮೇಲೆ. ಮೊದಲು ಕತ್ತಿನ ಹಿಂದೆ, ಆಮೇಲೆ ಭುಜ, ಮೊಣಕೈ, ಸೊಂಟ. ಒಂದು ದಿನ ಇದ್ದಲ್ಲಿ ಇನ್ನೊಂದು ದಿನ ಇರುತ್ತಿರಲಿಲ್ಲ. ಹೆಗಲ ಮೇಲಿನ ಸೆರಗು ಭಾರವಾಯಿತು. ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವಿದರೆ ತೋಳು ಬೆಂಕಿಯಾಗುತ್ತಿತ್ತು. ನಿದ್ದೆ ಮಾಡಿ ಎದ್ದರೂ ಕಲ್ಲು ಹೊತ್ತವಳ ಸುಸ್ತು. ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ. ವಿಟಮಿನ್ನು ಕಡಿಮೆ ಇದೆ ಎಂದು ಮಾತ್ರೆ, ಸೂಜಿ ಎಲ್ಲ ಆಯಿತು. ವಿಟಮಿನ್ನು ಮೇಲೇರಿತು, ನೋವು ಇದ್ದಲ್ಲೇ ಇತ್ತು. "ಎಲ್ಲಾ ನಾರ್ಮಲ್" ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅತ್ತೆಯದು ಒಂದೇ ಮಾತು. "ಮೈಕೈ ನೋವಾ? ಯಾರ್ಗಿಲ್ಲ ಬುಡು. ನಾಟಿ ಮಾಡ್ದೋರ್ಗೆಲ್ಲ ಅದೆ. ದಪ್ಪ ಇದ್ದಾಗ ಇಲ್ದಿದ್ ನೋವು ಸಣ್ಣ ಆದ್ಮೇಲೆ ಎಲ್ಲಿಂದ ಬತ್ತದೆ?" ಅವರನ್ನು ದೂರುವ ಹಾಗೂ ಇರಲಿಲ್ಲ. ಅರವತ್ತು ದಾಟಿದ ಮೇಲೂ ಬೆಳಗಿನಿಂದ ಸಂಜೆವರೆಗೆ ಬಗ್ಗಿ ನಾಟಿ ಹಾಕುತ್ತಿದ್ದ ಹೆಂಗಸು. ಆದರೆ ಆಗ ನನಗೆ ಬೇಕಿದ್ದದ್ದು ಮಾತ್ರೆಯಲ್ಲ. ಹೌದು ಕಣವ್ವ, ನಿಂಗೆ ನೋವದೆ ಎಂಬ ಒಂದು ಮಾತು, ಅದೂ ಅವರ ಬಾಯಿಂದಲೇ ಬರಬೇಕಿತ್ತು. ಊರೆಲ್ಲ ನಂಬಿ ಅವರೊಬ್ಬರು ನಂಬದಿದ್ದರೆ ನನಗೇನು ಸುಖ?

ಕೊನೆಗೆ ಮೈಸೂರಿನಲ್ಲಿ ಒಬ್ಬ ಕೀಲುನೋವಿನ ಡಾಕ್ಟರು ಸಿಕ್ಕಿದರು. ಅವರು ಕಾಗದ ಪತ್ರ ಪಕ್ಕಕ್ಕಿಟ್ಟು ಮೊದಲು ನನ್ನ ಮೈಯನ್ನು ನೋಡಿದರು. ಕತ್ತು, ಹೆಗಲು, ಮೊಣಕೈ, ಮಂಡಿಯ ಒಳಬದಿ, ಒಂದೊಂದೇ ಕಡೆ ಹೆಬ್ಬೆರಳಿಂದ ಒತ್ತಿದರು. ಒತ್ತಿದಲ್ಲೆಲ್ಲ ನಾನು ಕಿರುಚಿದೆ. ಅವರು ಸಮಾಧಾನವಾಗಿ, "ನೋವು ನಿಜಾನೇಮ್ಮ. ಇದಕ್ಕೆ ಫೈ-ಬ್ರೊ-ಮೈ-ಆಲ್-ಜಿಯಾ ಅಂತಾರೆ" ಎಂದರು. ಆಪರೇಷನ್ನಿಂದಲೇ ಬಂತೋ ಇಲ್ಲವೋ ಖಚಿತವಾಗಿ ಹೇಳಲಾರೆ, ಪೂರ್ತಿ ಹೋಗದಿದ್ದರೂ ಹಿಡಿತಕ್ಕೆ ತರಬಹುದು ಎಂದೂ ಹೇಳಿದರು. ನನಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಹೆಸರಿದೆ! ನನ್ನ ನೋವಿಗೆ ಇಷ್ಟುದ್ದದ ಹೆಸರಿದೆ!

"ಕನ್ನಡದಲ್ಲಿ ಏನಂತಾರೆ ಸಾರ್?" ಎಂದೆ.

ಅವರು ಸ್ವಲ್ಪ ಯೋಚಿಸಿ, "ಮೈಕೈ ನೋವು ಅಂತಲೇ ಅನ್ನಬೇಕೇನೋ" ಎಂದರು.

"ದಮ್ಮಯ್ಯ, ಹಾಗನ್ನಬೇಡಿ ಸಾರ್. ಇಂಗ್ಲಿಷಲ್ಲೇ ಇರಲಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹೆಸರನ್ನು ಉರು ಹೊಡೆದೆ. ಕಾಯಿಲೆ ಬಂತೆಂದು ಇಷ್ಟು ಹಿಗ್ಗಿದವಳನ್ನು ನಮ್ಮ ಯಜಮಾನರು ಕಂಡಿರಲಿಕ್ಕಿಲ್ಲ. ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಹೆಸರು ಹೇಳಿದೆ. ಅವರು ಕೈ ನಿಲ್ಲಿಸಿದರು.

"ಏನು? ಪೈಬರ್ ಮೈಯಾ?"

"ಅಲ್ಲ ಅತ್ತೆ, ಫೈಬ್ರೊಮಯಾಲ್ಜಿಯಾ."

"ಅದೇ ಕಣೆ ನಾನೂ ಯೋಳಿದ್ದು, ಪೈಬರ್ ಮೈ. ಅವತ್ತು ಮದ್ವೆ ಮನೇಲಿ ಆ ಪೈಬರ್ ಚೇರ್ ಮ್ಯಾಲೆ ಕುಣಿಬ್ಯಾಡ ಅಂದ್ರೆ ಕೇಳುದ್ಯಾ? ಈಗ ಅದೇ ಅಮರ್ಕಂಡದೆ."

ಯಜಮಾನರು ನಗು ತಡೆಯಲಾರದೆ ಕೊಟ್ಟಿಗೆಯ ಕಡೆ ನಡೆದರು. ನಾನು ಒಳಗೆ ಹೋಗಿ ಬಾಗಿಲು ಧಡಾರನೆ ಹಾಕಿಕೊಂಡೆ. ಕೈ ನೋಯಿತು, ಅದಕ್ಕೂ ಸಿಟ್ಟು ಬಂತು. ಅಷ್ಟು ದೂರದಿಂದ ಜೋಪಾನವಾಗಿ ತಂದ ಹೆಸರು ಒಂದೇ ಗಳಿಗೆಯಲ್ಲಿ ತಮಾಷೆಯಾಗಿ ಹೋಗಿತ್ತು.

ಅದಾದ ಕೆಲವು ದಿನಗಳಿಗೆ, ಮಟಮಟ ಮಧ್ಯಾಹ್ನ, ಹಿತ್ತಲಿನಿಂದ ಪಟಾರ್ ಎಂಬ ಸದ್ದು, ಅದರ ಹಿಂದೆಯೇ "ಅಯ್ಯಯ್ಯೋ!" ಎಂಬ ಕೂಗು ಕೇಳಿಸಿತು. ಓಡಿದೆ. ಅತ್ತೆ ನೆಲದ ಮೇಲೆ, ಪಕ್ಕದಲ್ಲಿ ಕಾಲು ಮುರಿದ ಫೈಬರ್ ಚೇರು. ಆ ಚೇರು ವರ್ಷಗಳಿಂದ ಹಿತ್ತಲಲ್ಲೇ ಬಿದ್ದಿತ್ತು. ನಮ್ಮತ್ತೆಯೋ ಕಡ್ಡಿಯಂಥವರು, ಗಾಳಿ ಬಂದರೆ ಸೆರಗು ಬಿಗಿಹಿಡಿದು ನಿಲ್ಲಬೇಕು. ಅವರ ಕೆಳಗೆ ಚೇರು ಮುರಿದಿದೆ! ಅವರ ಮೊಣಕೈ ತರಚಿದೆ ಎಂಬುದನ್ನೂ ಮರೆತು ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ನಗು, ನಗು" ಎಂದರು ಅತ್ತೆ. ತಾವೂ ನಕ್ಕರು. ಆಮೇಲೆ ಮುರಿದ ಕಾಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿಂದ ಒತ್ತಿದರೆ ಅದು ಹಪ್ಪಳದ ಹಾಗೆ ಪುಡಿಯಾಯಿತು.

"ಬಿಸಿಲಿಗೆ ಇಂಗಾಗದೆ. ಮ್ಯಾಲ್ ನೋಡುದ್ರೆ ಏನೂ ಆಗಿಲ್ಲ ಕಣೆ ಇದ್ಕೆ, ಒಸಾದಂಗೇ ಅದೆ" ಎಂದರು. ನಗು ನಿಂತಿತ್ತು. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು. "ನಿಂಗೂ ಇಂಗೇ ಏನವ್ವ, ಒಳ್ಗೆ?"

ಡಾಕ್ಟರು ಅಂಥದೇನೂ ಹೇಳಿರಲಿಲ್ಲ, ಮೂಳೆ ಕೀಲು ಎಲ್ಲ ಗಟ್ಟಿಯಾಗೇ ಇವೆ ಎಂದೇ ಹೇಳಿದ್ದರು. ಅದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. "ಊಂ ಅತ್ತೆ" ಎಂದೆ, ಅಷ್ಟೇ. ಅವರು ಕೈ ಚಾಚಿದರು, ಎತ್ತಿ ನಿಲ್ಲಿಸಲು ನಾನೂ ಕೈ ಚಾಚಿದೆ. ಕೈ ಹಿಡಿಯುವ ಮೊದಲೇ ಏನೋ ನೆನಪಾದವರಂತೆ ಹಿಂದಕ್ಕೆಳೆದುಕೊಂಡು, ಗೋಡೆ ಹಿಡಿದು ತಾವೇ ಎದ್ದರು.

ಆ ವರ್ಷ ನಾಟಿಯ ದಿನ ನಾನು ಬದುವಿನ ಮೇಲೆ ನಿಂತದ್ದನ್ನು ನೋಡಿ ಆಳಿನ ಹೆಂಗಸೊಬ್ಬಳು, "ಏನಕ್ಕೋ, ನಿನ್ ಸೊಸೆ ಇಷ್ಟ್ ಸಣ್ಣಗಾಗವ್ಳೆ, ಗದ್ದೆಗಿಳಿಯಕ್ಕೇನು ದಾಡಿ?" ಎಂದಳು. ಅತ್ತೆ ಪೈರಿನ ಕಂತೆ ಹಿಡಿದೇ ಸೊಂಟ ನೆಟ್ಟಗೆ ಮಾಡಿದರು.

"ಅವ್ಳ್ದು ಪೈಬರ್ ಮೈ ಕಣ್ರವ್ವ. ಮ್ಯಾಲ್ ನೋಡುದ್ರೆ ಗೊತ್ತಾಗಾಕಿಲ್ಲ. ಡಾಕ್ಟ್ರೇ ಯೋಳವ್ರೆ."

ಸರಿಯಾದ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಖುಷಿಗೆ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದೆ. ಒಂದು ಕಂತೆ ಪೈರು ಮುಗಿಯುವ ಮೊದಲೇ ಅತ್ತೆ ಬಂದು ಕೈಯಿಂದ ಕಿತ್ತುಕೊಂಡು, "ಸಾಕು, ಮ್ಯಾಕತ್ತು" ಎಂದರು. ಬದು ಹತ್ತಿದೆ.

ಮಾರನೆಯ ಬೆಳಿಗ್ಗೆ ಮೈ ಮಿಸುಕಾಡಿಸಲಾಗಲಿಲ್ಲ. ಅತ್ತೆ ಕಾಫಿ ಲೋಟ ಹಿಡಿದು ಬಂದು ಹಾಸಿಗೆಯ ಪಕ್ಕ ಕೂತರು. ನೋವಾ, ಯಾರಿಗಿಲ್ಲ ಎನ್ನಲಿಲ್ಲ. "ಇವತ್ತು ಎಲ್ಲೆಲ್ಲವ್ವ?" ಎಂದರು.

"ಭುಜ, ಸೊಂಟ, ಎರಡೂ ಮಂಡಿ ಅತ್ತೆ!" ಎಂದೆ. ಬಹುಮಾನ ಬಂದವಳ ಹಾಗೆ ಕೂಗಿಯೇ ಹೇಳಿದೆ.