ಆರು ಓಣಿಗೆ ಒಂದೇ ಪುಸ್ತಕ

ಸೀರೆಯ ಗಂಟು ಹೊತ್ತು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಳ್ಳಿಗಳನ್ನೆಲ್ಲ ತಿರುಗಿದವಳು ನಾನು. ಈಗ ಹತ್ತಿಮತ್ತೂರಿನ ಹತ್ತಿರದ ನಮ್ಮೂರಲ್ಲಿ ಸ್ವಂತ ಅಂಗಡಿ ಇದೆ. ತಿರುಗಾಟದಲ್ಲಿ ಕಲಿತದ್ದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಆಗುವುದಿಲ್ಲ ಅಂದರೆ ಎದ್ದು ಬರಬೇಡಿ, ಕುಡಿಯಲು ನೀರು ಕೇಳಿ. ನೀರು ಕುಡಿದು ಮುಗಿಸುವಷ್ಟರಲ್ಲಿ ಮಾತು ಮತ್ತೆ ಶುರುವಾಗಿರುತ್ತದೆ.

ಹೋದ ವರ್ಷ ನಾಲ್ಕೂ ತಾಲೂಕಿನ ಓದುಗರು ಸೇರಿ ಎಲ್ಲ ಊರವರೂ ಒಂದೇ ಕಾದಂಬರಿ ಓದಬೇಕು, ಕೊನೆಗೆ ಅದನ್ನು ಬರೆದ ಲೇಖಕಿಯನ್ನು ಕರೆಸಬೇಕು ಎಂದು ನಿಶ್ಚಯಿಸಿದರು. ಎಲ್ಲಿಗೆ ಕರೆಸುವುದು ಎಂಬ ಚರ್ಚೆಯಲ್ಲಿ ನಾನು ಬಾಯಿ ಹಾಕಿದೆ. ಯಾವ ಊರಲ್ಲಿ ಒಂದು ಓಣಿಯೂ ಬಿಡದೆ ಓದಿರುತ್ತಾರೋ ಅಲ್ಲಿಗೇ ಬರಲಿ ಎಂದೆ. ಒಪ್ಪಿದರು. ಗೆದ್ದ ಖುಷಿಯಲ್ಲಿ ಊರಿಗೆ ಬಂದರೆ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಬಂದದ್ದು ಒಂದೇ ಪ್ರತಿ. ನಮ್ಮದು ಆರು ಓಣಿ.

ಅಂಗಡಿಯಲ್ಲಿ ಕುಳಿತು ಪುಸ್ತಕದ ಹೊಲಿಗೆ ಬಿಚ್ಚಿ ಆರು ಭಾಗ ಮಾಡಿದೆ. ಒಂದೊಂದಕ್ಕೂ ಒಂದೊಂದು ಬಣ್ಣದ ರವಿಕೆ ತುಂಡಿನ ಹೊದಿಕೆ ಹಾಕಿ ಹೊಲಿದೆ. ಗ್ರಂಥಾಲಯ ನೋಡಿಕೊಳ್ಳುವ ಹುಡುಗಿ ಅದನ್ನು ಕಂಡು ತಲೆಯ ಮೇಲೆ ಕೈ ಹೊತ್ತಳು.

"ಯಕ್ಕಾ, ಸರಕಾರದ ಪುಸ್ತಕ ಹರದು ಕುಂತೀಯಲ್ಲ."

"ಹರದಿಲ್ಲವಾ, ಬಿಚ್ಚೇನಿ. ಬಿಚ್ಚಿದ್ದನ್ನ ಮತ್ತ ಹೊಲೀಬಹುದು."

"ಮ್ಯಾಲಿನವ್ರು ಕೇಳಿದ್ರ?"

"ನನ್ನ ಅಂಗಡಿ ತೋರಿಸು."

ಓಣಿಗೊಂದು ಭಾಗ ಹಂಚಿದೆ. ವಾರಕ್ಕೊಮ್ಮೆ ಅದಲುಬದಲು. ಸೀರೆಯನ್ನು ಯಾವ ಮಡಿಕೆಯಿಂದ ಬಿಚ್ಚಿದರೂ ಅದು ಸೀರೆಯೇ. ಕಥೆಯೂ ಹಾಗೇ ಇರಬಹುದು ಅಂದುಕೊಂಡದ್ದು ನನ್ನ ತಪ್ಪು. ಹಿಟ್ಟಿನ ಗಿರಣಿ ನಡೆಸುವ ಒಬ್ಬ ಹೆಂಗಸಿನ ಕಥೆ ಅದು. ಮೇಲಿನ ಓಣಿಯವರು ಆಕೆ ಗಿರಣಿ ಕೊಂಡದ್ದನ್ನು ಓದುವ ಹೊತ್ತಿಗೆ, ಕೆರೆ ಓಣಿಯವರು ಆಕೆ ಅದನ್ನು ಮಾರಿದ್ದನ್ನು ಓದಿ ಮುಗಿಸಿದ್ದರು. ನೀರಿನ ನಲ್ಲಿಯ ಹತ್ತಿರ ಕೆರೆ ಓಣಿಯವರು ಬಾಯಿ ತೆರೆದರೆ ಉಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಆದರೂ ಓದು ನಿಲ್ಲಲಿಲ್ಲ. ಹತ್ತಿ ಬಿಡಿಸುವ ಕಾಲ. ನಮ್ಮಲ್ಲಿ ಮುಯ್ಯಾಳು ಇದೆ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದರಲ್ಲೇ ಓದಿಗೂ ಒಂದು ಆಳು ಲೆಕ್ಕವಾಯಿತು. ಓದು ಬಲ್ಲವಳು ಬದುವಿನ ಮೇಲೆ ಕುಳಿತು ಗಟ್ಟಿಯಾಗಿ ಓದಬೇಕು, ಅವಳ ಸಾಲನ್ನು ಉಳಿದವರು ಬಿಡಿಸಬೇಕು. ಓದು ಬಾರದವರು ಪ್ರಶ್ನೆ ಕೇಳುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದರು. ಆರು ವಾರದಲ್ಲಿ ಆರೂ ಓಣಿ ಆರೂ ಭಾಗ ಮುಗಿಸಿದವು. ಒಂದು ಓಣಿಯೂ ಬಿಡದೆ ಓದಿದ ಊರು ನಮ್ಮದೊಂದೇ ಆದ್ದರಿಂದ ಲೇಖಕಿ ನಮ್ಮಲ್ಲಿಗೇ ಬರುವುದೆಂದಾಯಿತು.

ಲೇಖಕಿ ಬರುವ ದಿನ ಗ್ರಂಥಾಲಯದ ಹುಡುಗಿ ಸವಣೂರಿನಿಂದ ಒಂದು ಹೊಸ ಪ್ರತಿ ತಂದು, ಇದನ್ನೇ ತೋರಿಸೋಣ ಎಂದಳು. ನಾನು ಬಿಡಲಿಲ್ಲ. ಸೀರೆಯಲ್ಲಿ ತೂತಿದ್ದರೆ ನಾವೇ ಮೊದಲು ತೋರಿಸಬೇಕು. ಗಿರಾಕಿ ತಾನೇ ಕಂಡುಹಿಡಿದರೆ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಶಾಲೆಯ ಅಂಗಳ ತುಂಬಿತ್ತು. ಲೇಖಕಿ ಕಾರಿನಿಂದ ಇಳಿದ ಕೂಡಲೇ ಆರೂ ತುಂಡುಗಳನ್ನು ಅವರ ಕೈಗಿಟ್ಟು ನಡೆದದ್ದನ್ನು ಹೇಳಿದೆ. ಅವರು ಒಂದೊಂದನ್ನೇ ತಿರುವಿ ನೋಡಿದರು. ಜೊತೆಗೆ ಬಂದಿದ್ದ ಹಿರೇಕೆರೂರಿನ ಸಂಘಟಕರ ಮುಖ ಕೆಂಪಾಯಿತು.

"ಬರದವರಿಗೆ ಇದರಕಿಂತ ಅವಮಾನ ಐತೇನ್ರಿ? ನಡೀರಿ ಮೇಡಂ, ಶಿಗ್ಗಾಂವಿಗೆ ಹೋಗೂಣು. ಅಲ್ಲೂ ಓದಿದ ಮಂದಿ ಅದಾರ."

ಆರು ವಾರದ ದುಡಿಮೆ ಕಾರು ಹತ್ತಿ ಹೋಗುತ್ತದೆ ಅಂದುಕೊಂಡೆ. ಆಗ ಲೇಖಕಿ ನನ್ನ ಕಡೆ ತಿರುಗಿ, "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದರು.

ನನಗೆ ಹೋದ ಜೀವ ಬಂದಂತಾಯಿತು. ನೀರು ಕೇಳಿದವರು ಎದ್ದು ಹೋಗುವುದಿಲ್ಲ.

ವೇದಿಕೆಯ ಕುರ್ಚಿ ಬಿಟ್ಟು ಜನರ ನಡುವೆ ಬಂದು ಕುಳಿತ ಅವರು, "ಕೊನೆ ಭಾಗ ಮೊದಲು ಓದಿದವರು ಯಾರು?" ಎಂದು ಕೇಳಿದರು.

ಕೆರೆ ಓಣಿಯ ಅಜ್ಜಿಯೊಬ್ಬಳು ಎದ್ದಳು. "ನಾವರಿ. ಗಿರಣಿ ಮಾರಿದ್ಲು ಅಂತ ಮದಲ ಗೊತ್ತಾತು. ಕಟ್ಟಿ ಬೆಳಸಿದ್ದನ್ನ ಯಾಕ ಮಾರಿದ್ಲು ಅಂತ ಹುಡಿಕ್ಕೋಂತ ಹಿಂದ ಹಿಂದಕ ಓದಿಸಿಕೊಂಡಿವಿ. ಒಂದನೇ ಭಾಗದಾಗ ಸಿಕ್ತು ನೋಡ್ರಿ. ಆಕಿ ಕೊಂಡಾಗನ ಅಂದಿದ್ಲು, ಗಿರಣಿ ನನ್ನ ಮಾತು ಕೇಳಬೇಕು, ನಾ ಅದರ ಮಾತು ಕೇಳಂಗಿಲ್ಲ ಅಂತ. ಅದು ಆಕೀನ್ನ ಕುಣಿಸಾಕ ಹತ್ತಿದ ಕೂಡಲೇ ಮಾರಿಬಿಟ್ಲು."

ಲೇಖಕಿ ಎದ್ದು ಬಂದು ಅಜ್ಜಿಯ ಕೈ ಹಿಡಿದರು. "ನಾನು ಬರೆದದ್ದೂ ಕೊನೆಯಿಂದಲೇ ಅಜ್ಜಿ. ಮಾರಿದಳು ಅನ್ನೋದಷ್ಟೇ ನನಗೆ ಮೊದಲು ಗೊತ್ತಿತ್ತು. ಯಾಕೆ ಅಂತ ಹುಡುಕಿದ್ದೇ ಈ ಪುಸ್ತಕ. ಇಷ್ಟು ದಿನ ಯಾರೂ ಇದನ್ನ ಕಂಡುಹಿಡಿದಿರಲಿಲ್ಲ."

ಕೆರೆ ಓಣಿಯವರು ಉಳಿದ ಐದು ಓಣಿಯ ಕಡೆ ನೋಡಿದ ನೋಟವನ್ನು ನೀವು ನೋಡಬೇಕಿತ್ತು. ಒಂದು ತಾಸೆಂದು ಬಂದ ಲೇಖಕಿ ಸಂಜೆವರೆಗೂ ಕುಳಿತರು. ರೊಟ್ಟಿ ಉಂಡರು. ಆರೂ ತುಂಡುಗಳ ಮೇಲೆ ಆರು ಸಲ ಸಹಿ ಮಾಡಿದರು.

ಹೊರಡುವಾಗ ಹಿರೇಕೆರೂರಿನ ಆ ಸಂಘಟಕರೇ ನನ್ನ ಪಕ್ಕಕ್ಕೆ ಬಂದು ನಿಂತರು. "ಅಕ್ಕಾರ, ಆ ಆರೂ ಭಾಗ ನಮ್ಮ ತಾಲೂಕಿನ ಚಿಕ್ಕೇರೂರಿಗೆ ಒಂದೆರಡು ತಿಂಗಳು ಕೊಡ್ತೀರೇನು?"

"ಆಗೂದಿಲ್ಲರಿ," ಎಂದೆ.

ಅವರು ಹೊರಡಲಿಲ್ಲ. "ಒಂದೀಟು ನೀರಾದ್ರೂ ಕೊಡ್ರಿ," ಎಂದರು.

ಕೊಟ್ಟೆ. ಭಾಗಗಳನ್ನೂ ಕೊಟ್ಟೆ, ಗ್ರಂಥಾಲಯದ ಹುಡುಗಿಯ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೇ.