ಡ್ರಾ ಬೇಡವೆಂದ ಸ್ಟಾಪರ್

ಬಟ್ಟೆ ಒಗೆಯುವವಳಿಗೆ ಫುಟ್‌ಬಾಲ್ ಬಗ್ಗೆ ಏನು ಗೊತ್ತು ಎಂದು ನಮ್ಮ ಬೊರ್ಗೊವಾಲೆಯಲ್ಲಿ ಕೆಲವರು ಇವತ್ತಿಗೂ ಮೂಗು ಮುರಿಯುತ್ತಾರೆ. ಮುರಿಯಲಿ. ಮೂವತ್ತೊಂದು ವರ್ಷ ನಮ್ಮ ತಂಡದ ಅಂಗಿ ಚಡ್ಡಿಗಳನ್ನು ಒಗೆದವಳು ನಾನು, ದೀರ್ಚೆ. ಯಾರು ನಿಜಕ್ಕೂ ಓಡಿದ, ಯಾರು ಓಡಿದ ಹಾಗೆ ನಟಿಸಿದ, ಯಾರು ಸುಮ್ಮಸುಮ್ಮನೆ ಬಿದ್ದು ಹೊರಳಾಡಿ ರೆಫರಿಯ ಮುಖ ನೋಡಿದ ಎಂಬುದನ್ನು ಭಾನುವಾರ ಮೈದಾನದಲ್ಲಿ ಗಂಟಲು ಹರಿದುಕೊಳ್ಳುವವರಿಗಿಂತ ಸೋಮವಾರ ಬೆಳಿಗ್ಗೆ ಕೊಳೆ ಬಟ್ಟೆಯ ರಾಶಿಯ ಮುಂದೆ ನಿಂತ ನಾನು ಚೆನ್ನಾಗಿ ಹೇಳಬಲ್ಲೆ. ಹಾಗಾಗಿ ಲೋರಿಸ್ ಗವಿನೆಲ್ಲಿಯ ಕತೆ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಅವನೂ ತಂಡಕ್ಕೆ ಬಂದ. ಹದಿನಾರು ವಯಸ್ಸು. ಕಾಲು ಉದ್ದ, ಮಾತು ಗಿಡ್ಡ. ಅಪ್ಪ ಅಲ್ಚೀದೆ ಊರಾಚೆಯ ಚೀಸ್ ಕಾರ್ಖಾನೆಯಲ್ಲಿ ತಾಮ್ರದ ಹಂಡೆಗಳ ಮುಂದೆ ನಿಂತು ಹಾಲು ತಿರುವುವವನು. ಹಸುಗಳಿಗೆ ಭಾನುವಾರದ ಲೆಕ್ಕ ಇಲ್ಲದ್ದರಿಂದ ಅಲ್ಚೀದೆಗೂ ಇರಲಿಲ್ಲ. ಬೆಳಗಿನ ಕೆಲಸ ಮುಗಿಸಿ, ಕೈ ತೊಳೆದು, ಸೈಕಲ್ ಹತ್ತಿ ಮಗನ ಆಟ ನೋಡಲು ಬರುತ್ತಿದ್ದ. ಬಂದವನು ಕೂಗುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿರಲಿಲ್ಲ. ಬೇಲಿಗೆ ಒರಗಿ ನೋಡುತ್ತಿದ್ದ, ಅಷ್ಟೆ.

ಲೋರಿಸ್ ಸ್ಟಾಪರ್. ಎದುರು ತಂಡದ ಮುಖ್ಯ ಆಟಗಾರನ ಬೆನ್ನಿಗೆ ಅಂಟಿಕೊಂಡು ಅವನು ಗೋಲು ಹೊಡೆಯದಂತೆ ನೋಡಿಕೊಳ್ಳುವುದೇ ಆಗಿನ ಸ್ಟಾಪರ್‌ಗಳ ಕೆಲಸ. ಒಮ್ಮೆ ಕಪ್ ಪಂದ್ಯಕ್ಕೆ ದೊಡ್ಡ ಊರಿನ ದೊಡ್ಡ ತಂಡವೊಂದು ನಮ್ಮಲ್ಲಿಗೆ ಬಂದಿತ್ತು. ಅವರ ಸೆಂಟರ್ ಫಾರ್ವರ್ಡ್ ಪತ್ರಿಕೆಗಳಲ್ಲಿ ಫೋಟೊ ಬರುವಂಥವನು. ಲೋರಿಸ್ ಅವನನ್ನು ಎಷ್ಟು ಬಿಡದೆ ಹಿಂಬಾಲಿಸಿದನೆಂದರೆ, ಅವನು ನೀರು ಕುಡಿಯಲು ಗೆರೆಯ ಹತ್ತಿರ ಹೋದರೆ ಇವನೂ ಹೋಗಿ ಪಕ್ಕದಲ್ಲಿ ನಿಂತ. ಆಟ ಮುಗಿದ ಮೇಲೆ ಆ ಮನುಷ್ಯ ಅಂಗಿ ಬಿಚ್ಚಿ ಲೋರಿಸ್‌ನ ಮುಖಕ್ಕೆ ಎಸೆದು, "ತಗೋ ಮಾರಾಯ, ತೊಂಬತ್ತು ನಿಮಿಷ ಇದರೊಳಗೇ ಇದ್ದೆಯಲ್ಲ, ಇನ್ನು ಮನೆಗೂ ತಗೊಂಡ್ ಹೋಗು" ಎಂದ. ಆ ಅಂಗಿಯನ್ನು ಒಗೆದವಳೂ ನಾನೇ.

ಇಪ್ಪತ್ತೆರಡಕ್ಕೆ ಅವನನ್ನು ಸಮುದ್ರದ ಕಡೆಯ ಒಂದು ತಂಡ ಕರೆದುಕೊಂಡು ಹೋಯಿತು. ಏಳು ವರ್ಷ ಅಲ್ಲಿದ್ದ. ದೇಶದ ಎಲ್ಲಕ್ಕಿಂತ ಮೇಲಿನ ಎ ದರ್ಜೆಯಲ್ಲಿ ನಾಲ್ಕು ಪಂದ್ಯ ಆಡಿದ. ಬರೀ ನಾಲ್ಕಾ ಎಂದು ನಗುವವರು ನಮ್ಮೂರಿನಿಂದ ಎ ಮುಟ್ಟಿದ ಇನ್ನೊಬ್ಬನ ಹೆಸರು ಹೇಳಲಿ, ಆಮೇಲೆ ಮಾತಾಡೋಣ. ಐದನೆಯದು ಆಡುವ ಮೊದಲೇ ಮಂಡಿ ಮುರಿಯಿತು. ಕುಂಟುತ್ತಾ ಊರಿಗೆ ಬಂದವನು ಅದೇ ಮಂಡಿ ಇಟ್ಟುಕೊಂಡು ನಮಗಾಗಿ ಇನ್ನೂ ಏಳು ವರ್ಷ ಆಡಿದ. ಮೂವತ್ತಾರಕ್ಕೆ ಬೂಟು ಬಿಚ್ಚಿದ ಮರುದಿನವೇ ಅವನನ್ನು ಕೋಚ್ ಮಾಡಿದರು. ನಿನ್ನೆಯವರೆಗೆ ‘ಲೋರಿಸ್’ ಎನ್ನುತ್ತಿದ್ದ ಹುಡುಗರು, ನಮ್ಮಲ್ಲಿ ಎಲ್ಲ ಕೋಚ್‌ಗಳನ್ನೂ ಕರೆಯುವಂತೆ, ‘ಮಿಸ್ಟರ್’ ಎನ್ನತೊಡಗಿದರು.

ಮಿಸ್ಟರ್ ಆದ ಮೊದಲ ವಾರವೇ ನನ್ನ ಅವನ ಜಗಳ. ಬಟ್ಟೆ ಒಣಗಿಸುವ ನನ್ನ ಹಗ್ಗ ಮಾಯವಾಗಿತ್ತು. ಮೈದಾನಕ್ಕೆ ಹೋಗಿ ನೋಡಿದರೆ ನಾಲ್ವರು ಡಿಫೆಂಡರ್‌ಗಳ ಸೊಂಟಕ್ಕೆ ಅದನ್ನು ಸಾಲಾಗಿ ಕಟ್ಟಿ ಓಡಿಸುತ್ತಿದ್ದಾನೆ. ಒಬ್ಬ ಮುಂದೆ ಹೋದರೆ ನಾಲ್ವರೂ ಹೋಗಬೇಕು, ಒಬ್ಬ ಮರೆತರೆ ನಾಲ್ವರೂ ಬೀಳಬೇಕು.

"ಹಗ್ಗ ಕೊಡೋ ಕಳ್ಳ! ಒದ್ದೆ ಬಟ್ಟೆನ ನಿನ್ನ ಕತ್ತಿಗೆ ನೇತು ಹಾಕ್ಲಾ?" ಎಂದೆ.

"ಇನ್ನೊಂದು ಹತ್ತು ನಿಮಿಷ ದೀರ್ಚಕ್ಕ. ಇವ್ರು ಒಬ್ರನ್ನೊಬ್ರು ನೋಡೋದು ಕಲೀಲಿ."

ಕಲಿತರು. ಆ ವರ್ಷ ನಮ್ಮ ಮೇಲೆ ಗೋಲು ಹೊಡೆಯುವುದೆಂದರೆ ಸುತ್ತಲಿನ ಊರುಗಳಿಗೆ ಹಲ್ಲು ಕೀಳಿಸಿಕೊಂಡ ಹಾಗಾಯಿತು. ಒಂದು ಗೋಲು ಹೊಡೆ, ಬಾಗಿಲು ಜಡಿ: ಇದೇ ಲೋರಿಸ್‌ನ ಆಟ. ನೋಡಲು ಬೇಸರ ಎನ್ನುತ್ತಿದ್ದವರು ಮೂರು ವರ್ಷದಲ್ಲಿ ತಂಡ ಪಟ್ಟಿಯ ತುದಿಗೆ ಬಂದಾಗ ಬಾಯಿ ಮುಚ್ಚಿಕೊಂಡರು.

ತೊಂಬತ್ತೆಂಟರ ಮೇ ತಿಂಗಳು. ಕೊನೆಯ ಪಂದ್ಯ ನಮ್ಮಲ್ಲೇ, ಕೊರ್ತೆನೋವ ತಂಡದ ಜೊತೆ. ಡ್ರಾ ಆದರೆ ಸಾಕು, ನಾವು ಒಂದು ಮೆಟ್ಟಿಲು ಮೇಲೆ, ಸಿ ದರ್ಜೆಗೆ. ಎಪ್ಪತ್ತು ವರ್ಷದಲ್ಲಿ ಮೊದಲ ಸಲ. ಕೊರ್ತೆನೋವದವರು ತಳದಲ್ಲಿ ಒದ್ದಾಡುತ್ತಿದ್ದರು. ಅವರಿಗೂ ಡ್ರಾ ಆದರೆ ಸಾಕು, ಕೆಳಗಿನ ದರ್ಜೆಗೆ ಇಳಿಯುವುದು ತಪ್ಪುತ್ತಿತ್ತು. ಆಗ ಅವರ ಬದಲು ಇಳಿಯಬೇಕಾದವರು ನದಿಯಾಚೆಯ ಫೊಸ್ಸರೋಲದ ತಂಡ. ಅವರು ತಮ್ಮ ಪಂದ್ಯ ಗೆದ್ದರೂ ಅಷ್ಟೆ, ಸೋತರೂ ಅಷ್ಟೆ.

ಇಂಥದ್ದಕ್ಕೆ ನಮ್ಮಲ್ಲಿ ‘ಬಿಸ್ಕತ್ತು’ ಎಂಬ ಹೆಸರಿದೆ. ಇಬ್ಬರಿಗೂ ಬೇಕಾದ ಡ್ರಾವನ್ನು ಇಬ್ಬರೂ ಹಂಚಿಕೊಂಡು ತಿನ್ನುವುದು. ದುಡ್ಡು ಕೈ ಬದಲಾಯಿಸುವುದಿಲ್ಲ, ಯಾರೂ ಯಾರಿಗೂ ಮಾತು ಕೊಡುವುದಿಲ್ಲ. ನಮ್ಮ ಅಧ್ಯಕ್ಷ, ಹೆಂಚಿನ ಕಾರ್ಖಾನೆಯ ಮಲಗೋಲಿ, ಬುಧವಾರ ಕೊರ್ತೆನೋವದ ಅಧ್ಯಕ್ಷನ ಜೊತೆ ಕುಂಬಳಕಾಯಿ ತುಂಬಿದ ತೊರ್ತೆಲ್ಲಿ ಕಡುಬು ತಿಂದು, ಹವಾಮಾನದ ಬಗ್ಗೆ ಮಾತಾಡಿ ಬಂದ. ಅಷ್ಟರಲ್ಲೇ ಎಲ್ಲ ಹೇಳಿದಂತಾಗಿತ್ತು. ಮಾಂಸದಂಗಡಿಯ ಲೆಯಾರ್ಕೊ ಭಾನುವಾರ ಸಂಜೆಯ ಹಬ್ಬಕ್ಕೆಂದು ಎರಡು ಹಂದಿ ತೆಗೆದಿರಿಸಿದ್ದ.

ಗುರುವಾರ ಮಧ್ಯಾಹ್ನ ಲೋರಿಸ್ ನನ್ನ ಒಗೆಯುವ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ.

"ಭಾನುವಾರ ಹುಡುಗ್ರಿಗೆ ಏನು ಹೇಳ್ತೀಯ?" ಎಂದು ಕೇಳಿದೆ.

"ಪ್ರತಿ ಭಾನುವಾರ ಹೇಳೋದನ್ನೇ."

"ಅಂದ್ರೆ ಗೆಲ್ಲಿ ಅಂತಾನಾ? ತಲೆ ನೆಟ್ಟಗಿದೆಯೇನೋ ನಿಂಗೆ? ಸುಮ್ನೆ ಒಂದು ಡ್ರಾ ಮಾಡ್ಕೊಂಡ್ರೆ ಅವರಿಗೂ ಒಳ್ಳೇದು, ನಮಗೂ ಒಳ್ಳೇದು."

"ಫೊಸ್ಸರೋಲದವರಿಗೆ?"

"ಅವರೇನು ನಿನ್ನ ಚಿಕ್ಕಪ್ಪನ ಮಕ್ಕಳಾ?"

ಅವನು ನಗಲಿಲ್ಲ. "ಎಪ್ಪತ್ತೊಂಬತ್ತರಲ್ಲಿ ನಾವು ಒಂದ್ಸಲ ಇದನ್ನೇ ತಿಂದಿದ್ವಿ, ನೆನಪಿದೆಯಾ ದೀರ್ಚಕ್ಕ?"

ನೆನಪಿತ್ತು. ಊರೆಲ್ಲ ಕುಣಿದಿತ್ತು. ನಾನೂ ಕುಣಿದಿದ್ದೆ.

"ತೊಂಬತ್ತು ನಿಮಿಷ ನಾನು ಗೋಲ್‌ಕೀಪರ್‌ಗೆ ಚೆಂಡು ಕೊಡೋದು, ಅವ್ನು ನಂಗೆ ಕೊಡೋದು. ಆಟ ಮುಗಿದ ಮೇಲೆ ಅಪ್ಪ ಸೈಕಲ್ ತಳ್ಕೊಂಡು ನನ್ ಜೊತೆ ಮನೆವರೆಗೂ ನಡೆದ. ಒಂದ್ ಮಾತಾಡ್ಲಿಲ್ಲ. ಬಾಗಿಲ ಹತ್ರ ಬಂದು ಕೇಳ್ದ, ‘ಇವತ್ತು ದಣಿವಾಯ್ತೇನಪ್ಪಾ?’ ಅಂತ. ಅಷ್ಟೇ ಕೇಳಿದ್ದು. ಬೆಳಿಗ್ಗೆ ಮೂರೂವರೆಗೆ ಎದ್ದು ಹಾಲು ತಿರುವಿ ಬಂದಿದ್ದ ಅವ್ನು."

ಅಲ್ಚೀದೆ ತೀರಿಹೋಗಿ ಆಗಲೇ ಆರು ವರ್ಷ. ಆದರೂ ನನಗೆ ಸಿ ದರ್ಜೆ ಬೇಕಿತ್ತು. ಬೊರ್ಗೊವಾಲೆಯ ಅಂಗಿ ದೊಡ್ಡ ಮೈದಾನಗಳಲ್ಲಿ ಓಡುವುದನ್ನು ಒಮ್ಮೆ ನೋಡಬೇಕಿತ್ತು. "ಸತ್ತವರನ್ನ ನೆನೆಸ್ಕೊಂಡು ಬದುಕಿರೋರ ಹೊಟ್ಟೆ ಉರಿಸ್ಬೇಡ" ಎಂದುಬಿಟ್ಟೆ. ಅವನು ಎದ್ದು ಹೋದ.

ಭಾನುವಾರ ಮೈದಾನ ತುಂಬಿ ತುಳುಕುತ್ತಿತ್ತು. ಲೋರಿಸ್ ಗೆಲ್ಲಿರೆಂದು ಹೇಳಿಯೇ ಕಳಿಸಿದ್ದ. ಆದರೆ ಹುಡುಗರೂ ಇದೇ ಊರಿನವರು. ಅವರ ಅಪ್ಪಂದಿರು, ಮಾವಂದಿರು, ಯಜಮಾನರು ಎಲ್ಲರೂ ಬೇಲಿಯಾಚೆ ನಿಂತಿದ್ದಾರೆ. ಹತ್ತು ನಿಮಿಷ ಓಡಿದರು, ಆಮೇಲೆ ನಿಂತರು. ನಮ್ಮವರು ತಮ್ಮತಮ್ಮಲ್ಲೇ ಚೆಂಡು ಸಾಗಿಸಿದರೆ ಕೊರ್ತೆನೋವದವರು ನಿಂತು ನೋಡುವರು. ಅವರು ಸಾಗಿಸಿದರೆ ನಮ್ಮವರು ನೋಡುವರು. ಜನ ಖುಷಿಯಿಂದ ಚಪ್ಪಾಳೆ ತಟ್ಟುತ್ತಿದ್ದರು. ಮಧ್ಯಂತರದಲ್ಲಿ ಲೋರಿಸ್ ಕೂಗಾಡಿದ್ದು ಒಗೆಯುವ ಕೋಣೆಯವರೆಗೆ ಕೇಳಿಸಿತು. ಪ್ರಯೋಜನ ಆಗಲಿಲ್ಲ.

ಅರವತ್ತೆಂಟನೆಯ ನಿಮಿಷಕ್ಕೆ ಅವನು ಎದ್ದು, ತನ್ನ ಇಬ್ಬರು ಡಿಫೆಂಡರ್‌ಗಳನ್ನು ಹೊರಗೆ ಕರೆದು, ಬೆಂಚಿನಲ್ಲಿದ್ದ ಇಬ್ಬರು ಫಾರ್ವರ್ಡ್‌ಗಳನ್ನು ಒಳಗೆ ಕಳಿಸಿದ. ಜೀವಮಾನವೆಲ್ಲ ಬಾಗಿಲು ಜಡಿದವನು ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟ.

"ಲೋರಿಸ್, ಏನ್ ಮಾಡ್ತಿದ್ದೀಯ?" ಮಲಗೋಲಿ ಮೇಲಿನಿಂದ ಕಿರುಚಿದ.

"ಆಡಿಸ್ತಿದ್ದೀನಿ, ಅಧ್ಯಕ್ಷರೇ!"

ಹೊಸದಾಗಿ ಒಳಗೆ ಹೋದವರಲ್ಲಿ ಒಬ್ಬ ಆರೇ ನಿಮಿಷದಲ್ಲಿ ಗೋಲು ಹೊಡೆದ. ಹೊಡೆದು, ಏನೋ ತಪ್ಪು ಮಾಡಿದವನಂತೆ ನಮ್ಮ ಕಡೆ ನೋಡಿದ. ಕೊರ್ತೆನೋವದವರ ನಿದ್ದೆ ಹಾರಿಹೋಯಿತು. ಬೈಯುತ್ತಾ, ಉಗಿಯುತ್ತಾ ನುಗ್ಗಿದರು. ಎಂಬತ್ತೊಂದಕ್ಕೆ ಸಮ ಮಾಡಿದರು. ಆಗಲೂ ತಡವಾಗಿರಲಿಲ್ಲ. ಒಂದು-ಒಂದು ಎಂದರೂ ಡ್ರಾ ಡ್ರಾವೇ. "ಸಾಕು, ಇನ್ನು ನಿಲ್ಸೋ!" ಎಂದು ಇಡೀ ಊರು ಕೂಗಿತು. ನಾನೂ ಕೂಗಿದೆ. ಲೋರಿಸ್ ಗೆರೆಯ ಉದ್ದಕ್ಕೂ ಆ ಕೆಟ್ಟ ಮಂಡಿಯಲ್ಲಿ ಓಡುತ್ತಾ, "ಮುಂದೆ! ಮುಂದೆ!" ಎನ್ನುತ್ತಿದ್ದ. ಹುಡುಗರು ಹೋದರು. ಈ ಸಲ ನಿಜವಾಗಿ ಹೋದರು, ಕಂಬಕ್ಕೂ ಒಮ್ಮೆ ಹೊಡೆದರು. ಕೊನೆಯ ನಿಮಿಷದಲ್ಲಿ ಚೆಂಡು ಕಳೆದುಕೊಂಡೆವು; ಹಿಂದೆ ತಡೆಯುವವರೇ ಇರಲಿಲ್ಲ. ಎರಡು-ಒಂದು. ಸೋತೆವು.

ಪಟ್ಟಿಯಲ್ಲಿ ನಮ್ಮ ಹಿಂದಿದ್ದ ತಂಡದವರು ತಮ್ಮ ಪಂದ್ಯ ಗೆದ್ದು ಸಿ ದರ್ಜೆಗೆ ಹೋದರು. ಕೊರ್ತೆನೋವ ಉಳಿಯಿತು. ಫೊಸ್ಸರೋಲ ಹೇಗಿದ್ದರೂ ಇಳಿಯಿತು. ಅಂದರೆ ಲೋರಿಸ್ ಮಾಡಿದ್ದರಿಂದ ಯಾರಿಗೂ ಕಾಸಿನ ಉಪಯೋಗ ಆಗಲಿಲ್ಲ. ಊರು ಅವನಿಗೆ ಸಿಳ್ಳೆ ಹೊಡೆಯಿತು; ನಮ್ಮಲ್ಲಿ ಸಿಳ್ಳೆ ಎಂದರೆ ಛೀಮಾರಿ. ಎಲ್ಲರಿಗಿಂತ ಜೋರಾಗಿ ಹೊಡೆದವನು ಲೆಯಾರ್ಕೊ. ಅವನು ಲೋರಿಸ್‌ನ ಹೆಂಡತಿಗೆ ಮೂರು ವಾರ ಬರೀ ಮೂಳೆ ತೂಗಿ ಕೊಟ್ಟ.

ಸೋಮವಾರ ಬೆಳಿಗ್ಗೆ ಮಲಗೋಲಿ ಮೈದಾನದ ಬೀಗದ ಕೈ ವಾಪಸು ಕೇಳಿದ. ಲೋರಿಸ್ ಕೊಟ್ಟು, ತನ್ನ ಬೂಟು ತೆಗೆದುಕೊಳ್ಳಲು ನನ್ನ ಕೋಣೆಗೆ ಬಂದ. "ಬರ್ತೀನಿ ದೀರ್ಚಕ್ಕ" ಎಂದ. ನಾನು ತಲೆ ಎತ್ತಲಿಲ್ಲ. ಸುಳ್ಳೇಕೆ ಹೇಳಲಿ, ಅವತ್ತು ನನಗೆ ಅವನ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು. ಇಪ್ಪತ್ನಾಲ್ಕು ವರ್ಷ ಕಂಡ ಮನುಷ್ಯನನ್ನು ಹಾಗೆ ಕಳಿಸಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಆ ವಾರದ ಕೊನೆಯಲ್ಲಿ ಒಬ್ಬ ಅಪರಿಚಿತ ನನ್ನ ಬಾಗಿಲಲ್ಲಿ ನಿಂತ. ಕೈಗೆಲ್ಲ ಸುಣ್ಣ, ಗಾರೆ ಕೆಲಸದವನು, ಫೊಸ್ಸರೋಲ ತಂಡದ ಕ್ಯಾಪ್ಟನ್ ಅಂತೆ. ಗವಿನೆಲ್ಲಿಯ ಮನೆ ಎಲ್ಲಿ ಎಂದು ಕೇಳಿದ.

"ಯಾಕೆ, ನೀವೂ ಬೈಯೋಕೆ ಬಂದ್ರಾ? ಸಾಲಲ್ಲಿ ನಿಂತ್ಕೊಳ್ಳಿ" ಎಂದೆ.

"ಇಲ್ಲಮ್ಮ. ನಾವು ರೇಡಿಯೊದಲ್ಲಿ ಕೇಳ್ತಾ ಇದ್ವಿ. ನಮ್ಮ ಪಂದ್ಯ ಮೊದ್ಲೇ ಶುರುವಾಗಿ ಮುಗಿದಿತ್ತು, ನಾವು ಗೆದ್ದಿದ್ವಿ. ಇಲ್ಲಿ ಸೊನ್ನೆ-ಸೊನ್ನೆ ಅಂದಾಗ ಮುಗೀತು, ಬಿಸ್ಕತ್ತು ಅಂತ ಎಲ್ರೂ ಬೂಟು ಬಿಚ್ಚೋಕೆ ಶುರು ಮಾಡಿದ್ರು. ಆಮೇಲೆ ನೀವು ಗೋಲು ಹೊಡೆದ್ರಿ. ಏಳು ನಿಮಿಷ, ಅಮ್ಮ, ಏಳು ನಿಮಿಷ ನಾವು ಉಳಿದಿದ್ವಿ. ಒಬ್ರನ್ನೊಬ್ರು ತಬ್ಕೊಂಡು ಅತ್ವಿ. ಇಳಿದಿದ್ದು ಇಳಿದ್ವಿ, ಹೋಗ್ಲಿ. ಆದ್ರೆ ನಮ್ಮನ್ನ ಆಟ ಇಳಿಸ್ತು, ಊಟದ ಮೇಜಲ್ಲ. ಅಂಥ ಮಿಸ್ಟರ್ ನಮಗೆ ಬೇಕು."

ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಅಲ್ಲೇ ಬಿಟ್ಟೆ. ಅವನನ್ನು ಲೋರಿಸ್‌ನ ಮನೆವರೆಗೆ ನಾನೇ ಕರೆದುಕೊಂಡು ಹೋದೆ. ಬಾಗಿಲು ತೆರೆದ ಲೋರಿಸ್‌ಗೆ, "ನಾನು ಕತ್ತೆ ಕಣೋ" ಎಂದೆ. "ಗೊತ್ತು ದೀರ್ಚಕ್ಕ, ಒಳಗೆ ಬಾ" ಎಂದ. ಆ ಕ್ಷಣದಿಂದ ಇವತ್ತಿನವರೆಗೆ ಅವನ ಹೆಸರು ಬಂದಾಗಲೆಲ್ಲ ನನ್ನ ಕತ್ತು ನೆಟ್ಟಗಾಗುತ್ತದೆ.

ನಾನು ಎಲ್ಲ ಕಡೆ ಆ ಏಳು ನಿಮಿಷದ ಕತೆ ಹೇಳಿದೆ. ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಮಲಗೋಲಿಯ ಮುಖಕ್ಕೇ ಹೇಳಿದೆ. ಕೆಲವರು ತಲೆ ತಗ್ಗಿಸಿದರು, ಕೆಲವರು "ಮುದುಕಿಗೆ ಮರುಳು" ಎಂದರು. ಎರಡು ವರ್ಷ ಕಳೆಯಿತು. ಲೋರಿಸ್ ಫೊಸ್ಸರೋಲವನ್ನು ಮತ್ತೆ ನಮ್ಮ ದರ್ಜೆಗೆ ಏರಿಸಿಕೊಂಡು, ಒಂದು ಅಕ್ಟೋಬರ್ ಭಾನುವಾರ ನಮ್ಮ ಮೈದಾನಕ್ಕೆ ಎದುರಾಳಿಗಳ ಮಿಸ್ಟರ್ ಆಗಿ ಬಂದ.

ಕುಂಟುತ್ತಾ ಬೆಂಚಿನ ಕಡೆ ನಡೆದ. ಸಿಳ್ಳೆ ಬೀಳುತ್ತದೆಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಮೊದಲು ಎದ್ದವರು ಯಾರೋ ಗೊತ್ತಿಲ್ಲ. ಆಮೇಲೆ ಒಂದೊಂದೇ ಸಾಲು ಎದ್ದಿತು. ಯಾರೂ ಕೂಗಲಿಲ್ಲ, ಚಪ್ಪಾಳೆ ಮಾತ್ರ. ಮಲಗೋಲಿಯೂ ಎದ್ದ. ಲೋರಿಸ್ ನೆಲ ನೋಡುತ್ತಾ ಒಂದು ಕೈ ಎತ್ತಿ ಕೂತುಕೊಂಡ.

ಕೂತವನು ಸುಮ್ಮನಿದ್ದನೇ? ಹನ್ನೆರಡನೆಯ ನಿಮಿಷದಲ್ಲಿ ಅವನ ಹುಡುಗರು ಒಂದು ಗೋಲು ಹೊಡೆದು, ಬಾಗಿಲು ಜಡಿದು, ಉಳಿದ ಎಪ್ಪತ್ತೆಂಟು ನಿಮಿಷ ನಮ್ಮವರಿಗೆ ನರಕ ತೋರಿಸಿದರು. ಇಡೀ ಊರು ಅವನ ವಂಶವನ್ನೆಲ್ಲ ಬೈಯಿತು, ಬೈಯುತ್ತಾ ನಕ್ಕಿತು.

ಆಟ ಮುಗಿದು ಗೇಟಿನ ಹತ್ತಿರ ಫೊಸ್ಸರೋಲದ ಮುದುಕನೊಬ್ಬ ಎದೆ ಉಬ್ಬಿಸಿಕೊಂಡು, "ಹೆಂಗೆ ನಮ್ಮ ಮಿಸ್ಟರ್?" ಎಂದು ಲೆಯಾರ್ಕೊನನ್ನು ಕೆಣಕಿದ.

ಲೆಯಾರ್ಕೊ ಅವನ ಹೆಗಲ ಮೇಲೆ ತನ್ನ ದೊಡ್ಡ ಕೈ ಇಟ್ಟ. "ನಿಮ್ಮೋನಲ್ಲ ಕಣಯ್ಯ, ನಮ್ಮೋನು. ನಿಮ್ಮ ಹತ್ರ ಬಿಟ್ಟಿದ್ದೀವಿ, ಅಷ್ಟೆ. ಚೆನ್ನಾಗಿ ನೋಡ್ಕೊಳ್ಳಿ."